ಬಿಳಿ ಕರ್ಚೀಫಿನ ಸಾಕ್ಷಿ

ಟಪ್, ಟಪ್, ಟಪ್, ಆಮೇಲೆ ಒಂದು ಟಣ್. ತುಕ್ಕು ಹಿಡಿದ ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದರೆ ಸದ್ದು ಮಂಕು. ತುಕ್ಕಿನ ಹಕ್ಕಳೆ ಎದ್ದುಹೋಗಿ ಒಳಗಿನ ಲೋಹಕ್ಕೆ ಏಟು ತಗುಲಿದಾಗ ಮಾತ್ರ ಅದು ಗಂಟೆಯ ಹಾಗೆ ಬಾಯಿಬಿಡುತ್ತದೆ. ಯಶವಂತಪುರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಈ ಸದ್ದಿಗೆ. ಹಿತ್ತಿಲಿನಾಚೆ ಅಪ್ಪನ ಶೆಡ್ಡು. ಅಪ್ಪ ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, ಕಿವಿಯಿಂದಲೇ ನೋಡಿದವರಂತೆ, "ಎಡಗಡೆ ಮೂಲೇಲಿ ತುಕ್ಕು ಇನ್ನೂ ಬಿಟ್ಟಿಲ್ಲ" ಎನ್ನುತ್ತಿದ್ದರು. "ಮೂಲೆ ಆಮೇಲೆ ನೋಡಿ, ಕಾಫಿ ಆರ್ತಾ ಇದೆ" ಎಂದು ಅಮ್ಮ. ಹೋದ ವಾರ ನಮ್ಮ ಫ್ಲ್ಯಾಟಿನ ಗೇಟಿಗೆ ಬಣ್ಣ ಹೊಡೆಯಲು ಬಂದವನು ತುಕ್ಕಿನ ಮೇಲೆಯೇ ಫಳಫಳ ಕಪ್ಪು ಬಳಿಯುತ್ತಿದ್ದ. ಮೂರು ಸಲ ಲಿಫ್ಟಿನಲ್ಲಿ ಇಳಿದು ಹೋಗಿ "ಮೊದಲು ಕೆರಿಯಪ್ಪಾ" ಎಂದೆ. "ಮೇಲೆ ಪೇಂಟ್ ಬಿದ್ಮೇಲೆ ಯಾರಿಗ್ ಕಾಣ್ಸುತ್ತೆ ಬಿಡಿ ಆಂಟಿ" ಎಂದ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕೈಗೆ ಸಿಕ್ಕ ಗ್ರಿಲ್ಲುಗಳನ್ನೆಲ್ಲ ಉಗುರಿನಲ್ಲಿ ಗೀರಿ ನೋಡುತ್ತಿದ್ದೇನೆ.

ಅಪ್ಪನದು ದೊಡ್ಡ ಕಬ್ಬಿಣಗಳಿಗೆ ಬಣ್ಣ ಹಚ್ಚಿಸುವ ಕಂಟ್ರ್ಯಾಕ್ಟು. ನೀರಿನ ಟ್ಯಾಂಕು, ಕಾರ್ಖಾನೆಯ ಚಿಮಣಿ, ಗೋಡೌನಿನ ಬಾಗಿಲು. ಬಣ್ಣ ಯಾರು ಬೇಕಾದರೂ ಬಳಿಯುತ್ತಾರೆ, ಕಬ್ಬಿಣವನ್ನು ಅದಕ್ಕೆ ಸಿದ್ಧ ಮಾಡುವುದೇ ಕೆಲಸ ಎನ್ನುವುದು ಅವರ ಮತ. ಪ್ರತಿ ಕಬ್ಬಿಣಕ್ಕೂ ಒಂದು ದಾರಿ ಆರಿಸುತ್ತಿದ್ದರು: ಇದಕ್ಕೆ ಸುತ್ತಿಗೆ ಮತ್ತು ವೈರ್ ಬ್ರಷ್ಷು, ಅದಕ್ಕೆ ಆಸಿಡ್ ಸ್ನಾನ, ಹಳೆಯ ಬಣ್ಣ ದಪ್ಪಗಿದ್ದರೆ ಬ್ಲೋ ಲ್ಯಾಂಪಿನ ಬೆಂಕಿ. ಶೆಡ್ಡಿನಲ್ಲಿ ರೆಡ್ ಆಕ್ಸೈಡಿನ, ಟರ್ಪೆಂಟೈನಿನ ವಾಸನೆ. ನನ್ನ ಕಾನ್ವೆಂಟಿನ ಪಿನಾಫೋರಿಗೂ ಅದೇ ವಾಸನೆ ಅಂಟಿರುತ್ತಿತ್ತು. "ಯು ಸ್ಮೆಲ್ ಲೈಕ್ ಎ ಗರಾಜ್, ಚೈಲ್ಡ್" ಎಂದು ನಮ್ಮ ಸಿಸ್ಟರ್ ಮೂಗು ಮುಚ್ಚಿಕೊಳ್ಳುತ್ತಿದ್ದರು. ಸುತ್ತಿಗೆಯ ಕೆಲಸಕ್ಕೆ ಮುನಿಯಣ್ಣ. ಅಮೃತಹಳ್ಳಿಯಿಂದ ಸೈಕಲ್ಲಿನಲ್ಲಿ, ಹಿಂದೆ ತನ್ನ ಇಬ್ಬರು ತಮ್ಮಂದಿರನ್ನೂ ಒಬ್ಬ ಭಾವಮೈದುನನನ್ನೂ ಕರೆದುಕೊಂಡು ಬರುತ್ತಿದ್ದ. ನಾಲ್ಕು ಸೈಕಲ್, ನಾಲ್ಕು ಸುತ್ತಿಗೆ. ಉಜ್ಜಿ ಮುಗಿದ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಲು ಹೋದರೆ ನನಗೂ ಬೈಗುಳ. "ಮುಟ್ಬೇಡ ಅಮ್ಮಣ್ಣಿ! ಈಗ್ತಾನೆ ಎಣ್ಣೆನೀರು ಆಕ್ಸ್ಕೊಂಡಿರೋ ಮಗಾ ಇದು. ನಿನ್ ಬೆವರು ತಾಗಿದ್ರೆ ನಾಳೀಕೇ ಕೆಂಪಗಾಯ್ತದೆ."

ಯಲಹಂಕದ ಕಡೆಯ ಒಂದು ಕಾಲೋನಿಯ ಟ್ಯಾಂಕಿನಿಂದ ಎಲ್ಲ ಶುರುವಾಯಿತು. ಮುನಿಯಣ್ಣನ ಕಡೆಯವರೇ ಕೆರೆದು ಉಜ್ಜಿದ್ದು. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ದೋಸೆಯ ಹಾಗೆ ಗುಳ್ಳೆಯೆದ್ದಿತು. ಅಪ್ಪ ಹೋಗಿ ಒಂದು ಚಕ್ಕೆ ಕಿತ್ತು, ಷರ್ಟಿನ ಜೇಬಿನಲ್ಲಿಟ್ಟು ತಂದು, ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಬೋರಲು ಹಾಕಿದರು. ಅದರ ಬೆನ್ನಿಗೆ ಕಂದು ಪುಡಿ. ಸುತ್ತಿಗೆಗೆ ಸಿಗದ ಸಣ್ಣ ಸಣ್ಣ ಕುಳಿಗಳಲ್ಲಿ ತುಕ್ಕು ಹಾಗೇ ಉಳಿದಿತ್ತು. ಕಾಲೋನಿಯವರು ಇನ್ನೊಂದು ಟ್ಯಾಂಕು ಕೊಟ್ಟು, ಇದೇ ಕೊನೆ ಎಂದರು. ಅದೇ ಹೊತ್ತಿಗೆ ಮದ್ರಾಸಿನಿಂದ ಮರಳು ಉಗುಳುವ ಮೆಷಿನ್ ಬಾಡಿಗೆಗೆ ಬರುತ್ತದೆ ಎಂಬ ಸುದ್ದಿ. ಅದನ್ನು ತರಿಸಿದರೆ ಪೈಪು ಹಿಡಿಯಲು ಒಬ್ಬ ಸಾಕು, ಮಿಕ್ಕ ಮೂವರು ಮನೆಗೆ. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪ ಹಿತ್ತಿಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದರು, ದಿನಗಟ್ಟಲೆ. "ಏನ್ರೀ, ನೆಲ ಸವೆದುಹೋಗುತ್ತೆ" ಎಂದು ಅಮ್ಮ ರೇಗಿದರೂ ನಿಲ್ಲಲಿಲ್ಲ.

ಕೊನೆಗೆ ಒಂದು ಭಾನುವಾರ ಪರೀಕ್ಷೆ ಇಟ್ಟರು. ತುಕ್ಕು ತಿಂದ ಒಂದು ಕಬ್ಬಿಣದ ಹಾಳೆಯ ನಡುವೆ ಚಾಕ್‌ಪೀಸಿನಲ್ಲಿ ಗೆರೆ. ಎಡಭಾಗ ಮುನಿಯಣ್ಣನಿಗೆ, ಬಲಭಾಗ ಮೆಷಿನ್ನಿಗೆ. ಮುನಿಯಣ್ಣ ಬೆಳಗಿನಿಂದ ಹೊಡೆದ, ಕೆರೆದ, ಬ್ರಷ್ಷಿನಲ್ಲಿ ತಿಕ್ಕಿದ, ಉಪ್ಪುಕಾಗದದಲ್ಲಿ ಉಜ್ಜಿದ. ಮೆಷಿನ್ನಿನವನು ಮಾತ್ರ ಒಂದು ಕಾಫಿ ಕುದಿಯುವಷ್ಟು ಹೊತ್ತು ಬುಸ್ಸೆನಿಸಿ ನಿಲ್ಲಿಸಿದ. "ಅದು ಉಗುಳ್ತದೆ ಸ್ವಾಮಿ, ನಾನು ಮುದ್ದು ಮಾಡ್ತೀನಿ. ಯಾವುದು ಉಳೀತದೆ ನೋಡಾನ" ಎಂದು ಮುನಿಯಣ್ಣ ನಕ್ಕ. ಯಾರು ಗೆದ್ದರೆಂದು ಹೇಳುವವರು ಯಾರು? "ನನ್ನ ಕಣ್ಣನ್ನ ನಾನೇ ನಂಬಲ್ಲ. ಮಗು ಒರೆಸಲಿ" ಎಂದರು ಅಪ್ಪ. ಸೋಮವಾರಕ್ಕೆಂದು ಇಸ್ತ್ರಿ ಮಾಡಿಟ್ಟಿದ್ದ ನನ್ನ ಸ್ಕೂಲಿನ ಬಿಳಿ ಕರ್ಚೀಫು ತಂದೆ; ಮೂಲೆಯಲ್ಲಿ ನಾನೇ ನೀಲಿ ದಾರದಲ್ಲಿ ಹಾಕಿದ ಹೂವು. ಬಲಭಾಗ ಒರೆಸಿದೆ: ಊದಿದರೆ ಹಾರುವಷ್ಟು ಬೂದಿಬಣ್ಣದ ಧೂಳು, ಅಷ್ಟೇ. ಬಟ್ಟೆ ತಿರುಗಿಸಿ ಎಡಭಾಗ ಒರೆಸಿದೆ: ಬೆರಳಗಲ ಕಂದು. ಹತ್ತು ವರ್ಷದ ಹುಡುಗಿ, ಕ್ಲಾಸಿನಲ್ಲಿ ಸರಿಯುತ್ತರ ಹೇಳುವವಳ ಉತ್ಸಾಹದಲ್ಲಿ ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಎತ್ತಿ ಹಿಡಿದೆ. ಮುನಿಯಣ್ಣನ ಮುಖ ನೋಡಿದ ಮೇಲೆಯೇ ನನಗೆ ಏನು ಮಾಡಿದೆನೆಂದು ತಿಳಿದದ್ದು. ಮಡಚಿ ಹಿಡಿಯಬಹುದಿತ್ತು. ಹೊಳೆಯಲಿಲ್ಲ. ಅವನೇ ಅಪ್ಪನ ಕಡೆ ತಿರುಗಿ, "ಮಗಾ ಸುಳ್ಳೇಳಕ್ಕಿಲ್ಲ ಬುಡಿ ಸ್ವಾಮಿ. ಮಿಸನ್ನೇ ತರ್ಸಿ" ಎಂದ.

ತಮ್ಮಂದಿರೂ ಭಾವಮೈದುನನೂ ರೈಲ್ವೆ ಗೂಡ್ಸ್ ಶೆಡ್ಡಿಗೆ ಮೂಟೆ ಹೊರಲು ಹೋದರು. ಪೈಪನ್ನು ಅಪ್ಪ ಮುನಿಯಣ್ಣನ ಕೈಗೇ ಕೊಟ್ಟರು, ಕಬ್ಬಿಣ ಬಲ್ಲವನು ನೀನೊಬ್ಬನೇ ಎಂದು; ಅದು ಅವರ ಪ್ರೀತಿ. ಕ್ಯಾನ್ವಾಸಿನ ಮುಸುಕು, ಅದಕ್ಕೊಂದು ಗಾಜಿನ ಕಿಟಕಿ, ಒಳಗೆ ಮೂಗಿಗೆ ಕಟ್ಟಿದ ಒದ್ದೆ ಟವೆಲ್ಲು. ಸಂಜೆ ಮುಸುಕು ತೆಗೆದರೆ ರೆಪ್ಪೆಯೆಲ್ಲ ಮರಳಿನ ಹಿಟ್ಟು. ಒಂದು ದಿನದಲ್ಲಿ ಎಲ್ಲರಿಗಿಂತ ಮುದುಕನಾಗಿಬಿಟ್ಟಿದ್ದಾನೆ ಎನಿಸುತ್ತಿತ್ತು. ಬೆಳಗಿನ ಟಪ್ ಟಣ್ ನಿಂತು, ಬುಸ್ಸೆಂಬ ಒಂದೇ ಸದ್ದು ಉಳಿಯಿತು, ಅದರ ನಡುನಡುವೆ ಅವನ ಕೆಮ್ಮು. ಅಮ್ಮ ಮೆಣಸಿನ ಕಷಾಯ ಮಾಡಿಕೊಟ್ಟರು. ಕಾಲೋನಿಯ ಎರಡನೇ ಟ್ಯಾಂಕು ಎಷ್ಟೋ ಮಳೆಗಾಲ ಒಂದು ಗುಳ್ಳೆಯೂ ಏಳದೆ ನಿಂತಿತು. ಅಪ್ಪನ ಹೆಸರು ಉಳಿಯಿತು. ಕೆಮ್ಮು ಮಾತ್ರ ಕಷಾಯಕ್ಕೂ ಬಗ್ಗಲಿಲ್ಲ, ಆಮೇಲೆ ತೋರಿಸಿದ ಡಾಕ್ಟರಿಗೂ. ಅಪ್ಪ ಅವನನ್ನು ಪೈಪಿನಿಂದ ಬಿಡಿಸಿ ಗೇಟಿನಲ್ಲಿ ಕಾವಲಿಗೆ ಕೂರಿಸಿದರು; ಕೂತು ತಿನ್ನಲು ಮನಸ್ಸೊಪ್ಪದೆ ಅವನು ಒಂದು ದಿನ ಬರುವುದನ್ನೇ ಬಿಟ್ಟ. ಅಪ್ಪ ಮತ್ತೆ ಹಿತ್ತಿಲಲ್ಲಿ ನಡೆಯತೊಡಗಿದರು.

ಅವನನ್ನು ಕೊನೆಯ ಸಲ ನೋಡಿದ್ದು ನಾನು ಬಿ.ಎ. ಓದುತ್ತಿದ್ದಾಗ. ಅಮ್ಮ ಕೊಟ್ಟ ಹುರಿಹಿಟ್ಟಿನ ಡಬ್ಬಿ ಹಿಡಿದು ಅಮೃತಹಳ್ಳಿಗೆ ಹೋದೆ. ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ, ಪಕ್ಕದಲ್ಲಿ ಹಳೆಯ ಸುತ್ತಿಗೆ. ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಿದ್ದ. ಮನೆಯ ಕಿಟಕಿಯ ಸರಳುಗಳನ್ನು, ದಿನಕ್ಕೆ ಒಂದು ಗೇಣಿನಂತೆ, ಕೆರೆದು ಉಜ್ಜಿಕೊಂಡಿದ್ದ.

"ಕರ್ಚೀಪೈತಾ ಅಮ್ಮಣ್ಣಿ?"

ಕೊಟ್ಟೆ. ತಾನೇ ಎದ್ದು, ಸರಳನ್ನು ಮೇಲಿನಿಂದ ಕೆಳಗೆ ಒಂದೇ ಸಲ ಒರೆಸಿ, ನೋಡದೆ ನನ್ನ ಕೈಗಿಟ್ಟ. "ಈಗೇಳು, ಯಂಗೈತೆ?"

ಬಿಡಿಸಿ ನೋಡಿದೆ. ಬೆರಳಗಲ ಕಂದು. ಕಲೆ ಒಳಗಾಗುವಂತೆ ಮಡಚಿದೆ, ಮತ್ತೊಮ್ಮೆ ಮಡಚಿದೆ. "ಬೆಳ್ಳಗಿದೆ ಮುನಿಯಣ್ಣ."

ಅವನು ನನ್ನ ಕೈಯಲ್ಲಿದ್ದ ಕರ್ಚೀಫಿನ ಪುಟ್ಟ ಮಡಿಕೆಯನ್ನು ನೋಡಿದ, ನನ್ನನ್ನು ನೋಡಿದ. ನಗು ಬಂದು, ನಗುವಿನ ಹಿಂದೆಯೇ ಕೆಮ್ಮು ಬಂದು, ಸರಳು ಹಿಡಿದು ನಿಂತ. "ಕಾಲೇಜ್ನಾಗೆ ಈಗ ಇದ್ನೂ ಕಲಿಸ್ತವ್ರಾ?" ಎಂದ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ, ಬೆನ್ನು ಈ ಕಡೆ ಮಾಡಿ, ಅದೇ ಸರಳನ್ನು ಮತ್ತೆ ಉಜ್ಜುತ್ತಿದ್ದ.