ಅತ್ತೆಯ ತೋಟದ ಲಿಕ್ಟನ್‌ಸ್ಟೈನ್

ಪೆನ್ಸಿಲ್ ಹೆರೆಯುವಾಗ ಬರುವ ವಾಸನೆ ನಿಮಗೆ ನೆನಪಿದೆಯೇ? ಮೊನ್ನೆ ಭಾನುವಾರ ಬೆಳಗ್ಗೆ ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ತೆಂಗಿನ ತೋಟದ ನಕ್ಷೆ ಬರೆಯಲು ಜಗುಲಿಯ ಮೇಲೆ ಕೂತಿದ್ದೆ. ಹನಿ ನೀರಾವರಿಯ ಪೈಪು ಹಾಕಿಸಬೇಕಿತ್ತು. ಎದುರಿಗೆ ಚಿಕ್ಕಪ್ಪನ ಮಗ ಶಿವಣ್ಣ. ಬ್ಲೇಡಿನಲ್ಲಿ ಪೆನ್ಸಿಲ್ ಹೆರೆದದ್ದೇ ತಡ, ಆ ವಾಸನೆ ನನ್ನನ್ನು ಏಳನೇ ತರಗತಿಯ ಬೆಂಚಿನ ಮೇಲೆ ನಿಲ್ಲಿಸಿಬಿಟ್ಟಿತು. ನಿಲ್ಲಿಸಿದ್ದಕ್ಕೂ ಕಾರಣವಿದೆ, ಕೇಳಿ.

ಯುರೋಪಿನ ನಕ್ಷೆ ಬರೆದು ಬಣ್ಣ ತುಂಬಿಕೊಂಡು ಬನ್ನಿ ಅಂದಿದ್ದರು ಭೂಗೋಳದ ಮೇಷ್ಟ್ರು. ಇಟಲಿಯ ಬೂಟನ್ನು ಚೆನ್ನಾಗಿ ಬರೆದಿದ್ದೇನೆಂಬ ಹೆಮ್ಮೆಯಲ್ಲಿ ಶಹಬ್ಬಾಸ್‌ಗಾಗಿ ಕಾದು ನಿಂತೆ. ಮೇಷ್ಟ್ರ ಬೆರಳು ಸ್ವಿಟ್ಜರ್ಲೆಂಡಿಗೂ ಆಸ್ಟ್ರಿಯಕ್ಕೂ ನಡುವೆ ನಿಂತಿತು.

"ಲಿಕ್ಟನ್‌ಸ್ಟೈನ್ ಎಲ್ಲಯ್ಯ?"

"ನಮ್ಮ ತುರುವೇಕೆರೆ ತಾಲೂಕಿನಷ್ಟೂ ಇಲ್ಲ ಸಾರ್, ಪೆನ್ಸಿಲ್ ಮೊನೆಗೆ ಸಿಗಲಿಲ್ಲ" ಅಂದೆ. ಆ ಜಾಣತನಕ್ಕೆ ಒಂದು ಪೀರಿಯಡ್ಡು ಬೆಂಚಿನ ಮೇಲೆ. ಸಾಲದ್ದಕ್ಕೆ, ಆ ದೇಶದ ಬಗ್ಗೆ ಎರಡು ಪುಟ ಬರೆದುಕೊಂಡು ಬಾ ಎಂದು ಲೈಬ್ರರಿಯ ದಪ್ಪ ಪುಸ್ತಕ ಬೇರೆ ಕೈಗೆ ಬಂತು.

ಇಂಥ ದುಃಖವನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ಗೌರತ್ತೆಯ ಹತ್ತಿರ. ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಕಂದಿಕೆರೆಯಿಂದ ತವರಿಗೆ ಬಂದವಳು. ಮದುವೆಯಲ್ಲಿ ತಾತ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಇಪ್ಪತ್ತೆರಡು ತೆಂಗಿನ ಮರ ಅವಳವು. ಅವು ಇದ್ದದ್ದು ಅಪ್ಪನ ತೋಟಕ್ಕೂ ಚಿಕ್ಕಪ್ಪನ ತೋಟಕ್ಕೂ ನಟ್ಟನಡುವೆ. ಅವಳ ಒಂದು ಕಾಯಿ ರಸ್ತೆಗೆ ಬರಬೇಕಾದರೂ ಯಾರದಾದರೂ ತೋಟ ದಾಟಬೇಕು. ಅಷ್ಟನ್ನೂ ನಮ್ಮ ಕಡೆಗೆ ಸೇರಿಸಿಬಿಡು ಎಂದು ಅಣ್ಣ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ ಅವಳ ಬೆನ್ನು ಬಿದ್ದಿದ್ದ ಕಾಲ ಅದು.

ಅತ್ತೆ ಮರದ ಕೆಳಗೆ ಕೂತು ತೆಂಗಿನಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಿದ್ದಳು. ನನ್ನ ಕಥೆ ಕೇಳಿ ಕೈ ನಿಲ್ಲಿಸಿದಳು.

"ಚಿಕ್ಕದು ಅಂತ ಬುಟ್‌ಬುಟ್ಯೇನ್ಲಾ? ಅಲ್ಲೂ ಜನ ಇರಲ್ವಾ?"

ಆಮೇಲೆ ಪುಸ್ತಕ ಓದಿಸಿಕೊಂಡಳು. ಒಂದು ಬದಿಗೆ ರೈನ್ ನದಿ, ಇನ್ನೊಂದು ಬದಿಗೆ ಬೆಟ್ಟ. ಸಮುದ್ರವಿಲ್ಲ, ಅಕ್ಕಪಕ್ಕದ ಎರಡು ದೇಶಗಳಿಗೂ ಸಮುದ್ರವಿಲ್ಲ. ಚಕ್ರವರ್ತಿಯ ಸಭೆಯಲ್ಲಿ ಕೂರುವ ಹಕ್ಕಿಗೋಸ್ಕರ ಒಂದು ಶ್ರೀಮಂತ ಮನೆತನ ಈ ನೆಲವನ್ನು ಕೊಂಡುಕೊಂಡಿತಂತೆ, ಆಮೇಲೆ ಸುಮಾರು ನೂರು ವರ್ಷ ಅದರ ದೊರೆಗಳು ಆ ಕಡೆ ತಲೆ ಹಾಕಲಿಲ್ಲವಂತೆ.

"ತೋಟ ತಗಂಡೋನು ಒಂದ್ ದಿನಾನೂ ನೋಡಕ್ಕೆ ಬರ್ನಿಲ್ವಾ? ಥೂ" ಅಂದಳು ಅತ್ತೆ.

ಅವಳಿಗೆ ಬಹಳ ಹಿಡಿಸಿದ್ದು ಸೈನ್ಯದ ಕಥೆ. ಕೊನೆಯ ಸಲ ಯುದ್ಧಕ್ಕೆ ಹೋದಾಗ ಎಂಬತ್ತು ಜನ ಹೋದರಂತೆ, ಎಂಬತ್ತೊಂದು ಜನ ವಾಪಸ್ ಬಂದರಂತೆ. ದಾರಿಯಲ್ಲಿ ಒಬ್ಬ ಸ್ನೇಹಿತ ಸಿಕ್ಕಿದ್ದನಂತೆ. ಅದಾದ ಸ್ವಲ್ಪ ಕಾಲಕ್ಕೆ ಸೈನ್ಯವನ್ನೇ ತೆಗೆದುಹಾಕಿದರು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅದೇ ಬೇಸಿಗೆ, ಬಾವಿ ನೀರಿನ ಸರದಿಯ ವಿಷಯಕ್ಕೆ ಅಪ್ಪ ಇಬ್ಬರು ಆಳುಗಳ ಜೊತೆ ಚಿಕ್ಕಪ್ಪನ ಮೇಲೆ ಜಗಳಕ್ಕೆ ಹೊರಟ. ಹೋಗುವ ದಾರಿ ಅತ್ತೆಯ ತೋಟದ ಮೇಲೇ. "ಉಂಡ್ಕಂಡು ಹೋಗಿ ಹೊಡದಾಡ್ರಣ್ಣ" ಎಂದು ಮರದ ಕೆಳಗೆ ಕೂರಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಚಿಕ್ಕಪ್ಪನಿಗೂ ಹೇಳಿಕಳಿಸಿದಳು. ಅವನ ತಟ್ಟೆಗೂ ಮುದ್ದೆ ಬಿತ್ತು. ಸಂಜೆ ಅಪ್ಪ ಬೀಡಿ ಸೇದುತ್ತ ಆ ಇಬ್ಬರು ಆಳುಗಳ ಜೊತೆ ಚಿಕ್ಕಪ್ಪನನ್ನೂ ಕರೆದುಕೊಂಡು ಮನೆಗೆ ಬಂದ. ಹಿಂದೆ ಬಂದ ಅತ್ತೆ ನನ್ನ ಕಿವಿ ಹಿಂಡಿ, "ಎಣಿಸ್ಕಳ್ಲಾ, ಹೋದೋರು ಮೂರು, ಬಂದೋರು ನಾಕು" ಅಂದಳು. ಆಮೇಲೆ ಅವಳ ಮರಗಳನ್ನು ಇಬ್ಬರೂ ಕೇಳಲಿಲ್ಲ.

ಅಪ್ಪ, ಚಿಕ್ಕಪ್ಪ ಈಗಿಲ್ಲ. ಅತ್ತೆಗೆ ಎಂಬತ್ತು ಹತ್ತಿರವಾಯಿತು. ಕಣ್ಣು ಮಾತ್ರ ಚುರುಕು. ಮೊನ್ನೆ ನಮ್ಮಿಬ್ಬರಿಗೂ ಮಜ್ಜಿಗೆ ತಂದಿಟ್ಟವಳು ಲಗ್ನಪತ್ರಿಕೆ ಎತ್ತಿಕೊಂಡು ನೋಡಿದಳು.

"ನನ್ ತೋಟ ಎಲ್ಲೈತ್ಲಾ?"

ನನ್ನದು, ಶಿವಣ್ಣನದು ಎರಡನ್ನೂ ಕೂಡಿಸಿ ಒಂದೇ ಚೌಕ ಎಳೆದಿದ್ದೆ.

"ಪೈಪು ಎಲ್ಲಾ ಒಂದೇ ಅಲ್ವಾ ಅತ್ತೆ. ನಿನ್ ಮರಕ್ಕೂ ನೀರು ಬರುತ್ತೆ."

"ನೀರು ಬತ್ತದೆ ಕಣಪ್ಪ. ನಾನೆಲ್ಲಿದೀನಿ?"

ಶಿವಣ್ಣ ಮಜ್ಜಿಗೆ ಲೋಟದೊಳಗೆ ಮುಖ ಹುದುಗಿಸಿದ. ನನಗೆ ನಿಜಕ್ಕೂ ನಾಚಿಕೆಯಾಯಿತು. ಈ ಐವತ್ತು ದಾಟಿದ ವಯಸ್ಸಿನಲ್ಲೂ ನನ್ನ ಪೆನ್ಸಿಲ್ ಮೊನೆಗೆ ಸಿಗದೆ ಹೋದದ್ದು ಅದೇ ದೇಶ. ಇನ್ನೊಂದು ಲಗ್ನಪತ್ರಿಕೆ ಹುಡುಕಿ ತಂದೆ. ಈ ಸಲ ಮೊದಲು ಅತ್ತೆಯ ತೋಟ ಬರೆದೆ, ಇಪ್ಪತ್ತೆರಡು ಚುಕ್ಕಿ ಇಟ್ಟೆ. ಆಮೇಲೆ ಅದರ ಎಡಕ್ಕೆ ನನ್ನದು, ಬಲಕ್ಕೆ ಶಿವಣ್ಣನದು.

ಅತ್ತೆ ಚುಕ್ಕಿಗಳನ್ನೆಲ್ಲ ಬೆರಳಿಟ್ಟು ಎಣಿಸಿದಳು. "ನೀರು ಬುಡೋ ವಾಲ್ವು ಎಲ್ಲಿಕ್ಕತೀರಾ?"

"ಇನ್ನೂ ಯೋಚಿಸಿಲ್ಲ."

"ನಿಂದೂ ಶಿವಣ್ಣಂದೂ ಎಲ್ಡೂ ನನ್ ತೋಟದಾಗೇ ಇಕ್ಕಿ. ನೀರು ಬುಡಕ್ಕಾದ್ರೂ ಇಬ್ರೂ ದಿನಾ ಬತ್ತೀರ."

ಎರಡು ವಾಲ್ವನ್ನೂ ಅಲ್ಲೇ, ಅಂದು ಅಪ್ಪನೂ ಚಿಕ್ಕಪ್ಪನೂ ಉಂಡೆದ್ದ ಮರದ ಪಕ್ಕದಲ್ಲೇ ಗುರುತು ಮಾಡಿದೆ. ಇನ್ನು ಮೇಲೆ ಬೆಳಗಾದರೆ ಅತ್ತೆಯ ದೇಶಕ್ಕೆ ಕಾಲಿಡದೆ ನಮ್ಮಿಬ್ಬರ ತೋಟಕ್ಕೂ ಹನಿ ನೀರಿಲ್ಲ.