ನಲ್ಲಿಗೆ ಟೋಪಿ

ಕೊಡಿಗೇಹಳ್ಳಿಯ ಬೀದಿಯಲ್ಲಿ ಏನೇ ಕೆಟ್ಟು ನಿಲ್ಲಲಿ, ಗದಗದ ಕಡೆಯಿಂದ ಬಂದ ಚಂದ್ರವ್ವನ ಕೈ ಕ್ರೋಷಾ ಕಡ್ಡಿ ಹುಡುಕುತ್ತದೆ. ಉರಿಯದ ದೀಪದ ಕಂಬಕ್ಕೆ ಮಫ್ಲರು, ಬಸ್‌ಸ್ಟಾಪಿನ ಕುಂಟು ಬೆಂಚಿಗೆ ಕಾಲುಚೀಲ. ಬಿಟ್ಟರೆ ರಸ್ತೆಯ ಗುಂಡಿಗಳಿಗೂ ಕುಲಾವಿ ಹೆಣೆದಾಳು. ಎಂಬತ್ತೆರಡನೇ ಇಸವಿಯಲ್ಲಿ ನೀರು ಬರುವುದು ನಿಂತ ಬೀದಿ ನಲ್ಲಿಗಂತೂ ವರ್ಷಕ್ಕೊಂದು ಕೆಂಪು ಟೋಪಿ, ಇದು ಐದನೆಯದು. "ನಲ್ಲಿಗ್ಯಾಕಮ್ಮ ಟೋಪಿ ಆಕ್ತೀಯ?" ಎಂದು ಪಂಚಾಯ್ತಿ ಮೆಂಬರ್ ಮುನಿಶಾಮಪ್ಪ ರೇಗಿದರೆ, "ನೀವು ಊರಿಗೇ ಹಾಕೀರಿ, ನಾ ನಲ್ಲಿಗಷ್ಟ ಹಾಕೀನ್ರೀ" ಎನ್ನುತ್ತಾಳೆ, ಕಡ್ಡಿ ನಿಲ್ಲಿಸದೆ. ಆದರೆ ಆ ಐದರಲ್ಲಿ ಒಂದಕ್ಕೂ ಅವಳು ಕೊನೆಯ ಗಂಟು ಹಾಕಿಲ್ಲ. ನೀರು ಬಂದ ದಿನ ತುದಿಯ ದಾರ ಎಳೆದರೆ ಟೋಪಿ ಸರಸರನೆ ಬಿಚ್ಚಿಕೊಳ್ಳಬೇಕು, ಕೊಡ ಇಡಲು ತಡವಾಗಬಾರದು.