ಹಳೇ ಪಾಸ್‌ಪೋರ್ಟಿನ ಎರಡು ವರ್ಷ

ಕೊರೋನಾ ಕಾಲದಲ್ಲಿ ನನ್ನ ಮೂಗಿನ ತುದಿಯಲ್ಲೇ ಕೋಪ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಜಪಾನಿನ ಒಕಾಜಾಕಿಯ ಸಂಶೋಧನಾ ಸಂಸ್ಥೆಯಲ್ಲಿ ನನ್ನ ಕೆಲಸದ ಕರಾರು ಮುಗಿಯುತ್ತಾ ಬಂದಿತ್ತು. ಕಾಯಂ ವಾಸದ ಪರವಾನಗಿ ಸಿಗದಿದ್ದರೆ ಮಗಳ ಶಾಲೆ ಬಿಡಿಸಿ ಗಂಟುಮೂಟೆ ಕಟ್ಟಬೇಕು. ಅವಳಿಗೋ, ಮೈಸೂರು ಅಂದರೆ ರಜೆಗೆ ಹೋಗುವ ಊರು ಅಷ್ಟೆ. ಪರವಾನಗಿಯ ಅರ್ಜಿಗೆ ತೆರಿಗೆ ಸರಿಯಾಗಿ ಕಟ್ಟಿದ ದಾಖಲೆ ಬೇಕಿತ್ತು. ಅದರಲ್ಲಿ ಎಡವಿದರೆ ಎಲ್ಲಾ ಮುಗಿದಂತೆ.

ಹಿಂದಿನ ವರ್ಷ ಯುರೋಪಿನ ಒಂದು ಪ್ರತಿಷ್ಠಾನ ನನಗೆ ಅನುದಾನ ಕೊಟ್ಟಿತ್ತು. ಸಂಬಳವಲ್ಲ, ಸಂಶೋಧನೆ ಮೆಚ್ಚಿ ಕೊಟ್ಟದ್ದು. ಅಲ್ಲಿಗೆ ಹೋಗಿ ಖರ್ಚು ಮಾಡೋಣವೆಂದರೆ ವಿಮಾನಗಳೇ ಇಲ್ಲ. ಹಣ ಅಲ್ಲಿನ ಬ್ಯಾಂಕಿನಲ್ಲೇ ಇತ್ತು. ಜಪಾನಿನಲ್ಲಿ ಐದು ವರ್ಷ ದಾಟದ ವಿದೇಶಿಯರು ಹೊರಗಿನ ದುಡ್ಡನ್ನು ಇಲ್ಲಿಗೆ ತರದಿದ್ದರೆ ಅದಕ್ಕೆ ತೆರಿಗೆಯಿಲ್ಲ, ದಾಟಿದವರಿಗೆ ಲೋಕದ ಯಾವ ಮೂಲೆಯಲ್ಲಿ ಬಂದರೂ ತೆರಿಗೆ. ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹಾಗೇ ಹೇಳಿದರು. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ನನಗೇನೂ ತಂಟೆಯಿಲ್ಲ ಅಂದುಕೊಂಡು ಅನುದಾನವನ್ನು ಬಿಟ್ಟೇ ತೆರಿಗೆಯ ಫಾರಂ ತುಂಬಿದೆ.

ಅದನ್ನು ನೋಡಿಕೊಡಿ ಅಂತ ಕೊಟ್ಟದ್ದು ನಮ್ಮ ಆಫೀಸಿನ ಹಿರಿಯ ಗುಮಾಸ್ತೆಗೆ. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಮೆಲುದನಿಯ ಹೆಂಗಸು. ಓದಿ ಮುಗಿಸಿ, ಹಳೇ ಪಾಸ್‌ಪೋರ್ಟ್ ತರುತ್ತೀರಾ ಅಂದರು. ನನಗೆ ಉರಿದುಹೋಯಿತು. ಅದರಲ್ಲಿರುವುದು ವಿದ್ಯಾರ್ಥಿಯಾಗಿ ಇದೇ ಸಂಸ್ಥೆಯಲ್ಲಿ ಕಳೆದ ಎರಡು ವರ್ಷ, ಆಮೇಲೆ ಊರಿಗೆ ಹೋಗಿಬಿಟ್ಟಿದ್ದೆ, ಅದೆಲ್ಲ ಲೆಕ್ಕಕ್ಕಿಲ್ಲ ಅಂತ ಗಡಸಾಗಿಯೇ ಹೇಳಿದೆ.

ಅವರು ಸುಮಿಮಾಸೆನ್, ಕ್ಷಮಿಸಿ, ಅಂದು ತಲೆ ತಗ್ಗಿಸಿಯೇ ಹೇಳಿದರು: "ಕಳೆದ ಹತ್ತು ವರ್ಷದಲ್ಲಿ ಇಲ್ಲಿದ್ದ ದಿನಗಳನ್ನೆಲ್ಲ ಕೂಡಿಸಬೇಕು, ಸೆನ್ಸೇ. ಆ ಎರಡು ವರ್ಷ ನೀವಿಲ್ಲಿ ಇದ್ದಿರಿ. ನಿಮ್ಮ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವಳು ನಾನೇ."

ಭಾಷೆ ಬರದೆ, ಯಾರೂ ಇಲ್ಲದೆ ಅತ್ತುಕೊಂಡು ಕಳೆದ ಆ ಕಾಲವನ್ನು ನಾನೇ ಮನಸ್ಸಿನಿಂದ ಅಳಿಸಿಹಾಕಿದ್ದೆ. ಗಾಳಿ ಹೊಡೆದವರು ಯಾರೆಂದು ಆಗ ಕೇಳಿಯೂ ಇರಲಿಲ್ಲ, ಸೈಕಲ್ ಹೇಗೋ ಓಡುತ್ತಿತ್ತು.

ಮಾರನೇ ದಿನ ಹಳೇದು, ಹೊಸದು ಎರಡೂ ಪಾಸ್‌ಪೋರ್ಟ್ ಕೊಟ್ಟೆ. ನಡುವೆ ಪ್ಲಾಸ್ಟಿಕ್ ಪರದೆ, ಇಬ್ಬರ ಬಾಯಿಗೂ ಮಾಸ್ಕು. ಅವರು ಪೆನ್ಸಿಲ್ ಹಿಡಿದು ಒಂದೊಂದೇ ಮೊಹರು ನೋಡಿ, ನಾನು ಊರಿಗೆ ಹೋದ ದಿನಗಳನ್ನು ಕಳೆದು ಎಣಿಸಿದರು. ಅನುದಾನ ಬರುವುದಕ್ಕೆ ಮುಂಚೆಯೇ ನನಗೆ ಐದು ವರ್ಷ ದಾಟಿತ್ತು. ಹಾಗೇ ಸಲ್ಲಿಸಿದ್ದರೆ ನನ್ನ ಕೈಯಾರೆ ಮಗಳ ಶಾಲೆ ತಪ್ಪಿಸುತ್ತಿದ್ದೆ. ಪುಣ್ಯಕ್ಕೆ ಆ ವರ್ಷ ಸೋಂಕಿನಿಂದಾಗಿ ಗಡುವು ಒಂದು ತಿಂಗಳು ಮುಂದೆ ಹೋಗಿತ್ತು. ಅವರು ಅರ್ಧ ದಿನ ರಜೆ ಹಾಕಿ ತೆರಿಗೆ ಕಚೇರಿಗೂ ಜೊತೆಗೆ ಬಂದರು. ಅನುದಾನದಲ್ಲಿ ಒಳ್ಳೇ ಪಾಲೇ ಹೋಯಿತು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ರಾತ್ರಿ ನಿದ್ದೆ ಬಂತು.

ಪರವಾನಗಿಯ ಕಾರ್ಡು ಕೈಗೆ ಬರುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಸೈಕಲ್ ಹತ್ತಿ ಅವರ ಮನೆಗೇ ಹೋದೆ. ಬಾಗಿಲಲ್ಲೇ ನಿಂತು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು, ತಲೆಬಾಗಿ ಹಿಂದಕ್ಕೆ ಕೊಟ್ಟರು. ನಾನು ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತು ಶುರುಮಾಡುವಷ್ಟರಲ್ಲಿ ಬಗ್ಗಿ ನನ್ನ ಸೈಕಲ್ಲಿನ ಟೈರು ಒತ್ತಿ ನೋಡಿ, ಪಂಪು ತರಲು ಒಳಗೆ ಹೋದರು.